ಈಮ್‌ನಿಂದ ಈಕ್ರಿಂಗ್‌ವರೆಗೆ: ಪ್ಲೇಗಿನ ಊರಿನ ಪಾದ್ರಿಯನ್ನು ಹುಡುಕಿಕೊಂಡು

ಮೊದಲ ದಿನ: ಗುಡ್ಡ ಹತ್ತಿ ಈಮ್‌ಗೆ

ಇಂಗ್ಲೆಂಡಿನ ಶೆಫೀಲ್ಡ್ ಬಿಟ್ಟ ರೈಲು ಸ್ವಲ್ಪ ಹೊತ್ತಿಗೇ ಟಾಟ್ಲಿ ಸುರಂಗಕ್ಕೆ ನುಗ್ಗುತ್ತದೆ. ಐದೂವರೆ ಕಿಲೋಮೀಟರ್‌ಗಿಂತ ಉದ್ದದ ಸುರಂಗ. ಅದು ಮುಗಿದ ತಕ್ಷಣ ಗ್ರಿಂಡಲ್‌ಫರ್ಡ್ ಸ್ಟೇಷನ್. ನಾನು, ತಂಗಿ ಇಳಿದಾಗ ಜಿನುಗು ಮಳೆ ಶುರುವಾಗಿತ್ತು. ಪಕ್ಕದ ಹೋಟೆಲಿನಲ್ಲಿ ದೊಡ್ಡ ಮಗ್ಗಿನ ತುಂಬ ಟೀ, ಒಂದು ತಟ್ಟೆ ಬಿಸಿ ಚಿಪ್ಸ್ ಸಿಕ್ಕಿತು. ಮುಂದೆ ಇದ್ದ ಏರು ನೋಡಿದರೆ ಇವೆರಡೂ ಬೇಕೇ ಬೇಕಿತ್ತು.

ಇಲ್ಲಿಂದ ಈಮ್‌ಗೆ ಬಸ್ಸಿನಲ್ಲೂ ಹೋಗಬಹುದು. ಆದರೆ ಕಾಲಲ್ಲಿ ಶಕ್ತಿ ಇದ್ದರೆ ಡರ್ವೆಂಟ್ ನದಿಯ ಸೇತುವೆ ದಾಟಿ ಸರ್ ವಿಲಿಯಂ ಹಿಲ್ ರಸ್ತೆ ಹಿಡಿದು ನಡೆಯಿರಿ. ರಸ್ತೆ ನೆಟ್ಟಗೆ ಗುಡ್ಡದ ಮೇಲೇ ಹೋಗುತ್ತದೆ. ಎರಡೂ ಕಡೆ ಕಲ್ಲಿನ ಗೋಡೆ, ಆಚೆ ಕುರಿಗಳು. ಮೇಲೆ ಹೋದ ಹಾಗೆ ಹುಲ್ಲು ಮುಗಿದು ನೇರಳೆ ಬಣ್ಣದ ಹೆದರ್ ಹೂವು. ಆಗಸ್ಟ್ ಕೊನೆ ಅಂದರೆ ಗುಡ್ಡವೆಲ್ಲ ಅದೇ ಬಣ್ಣ.

ನಾವು ಹೊರಟಿದ್ದು ವಿಲಿಯಂ ಮಾಂಪೆಸನ್ ಅನ್ನುವ ಪಾದ್ರಿಯ ಜಾಡು ಹಿಡಿದು. ಪ್ಲೇಗ್ ಬಂದಾಗ, ಅದು ಅಕ್ಕಪಕ್ಕದ ಊರುಗಳಿಗೆ ಹರಡದಿರಲಿ ಅಂತ ಜನ ತಮ್ಮನ್ನು ತಾವೇ ಒಳಗೆ ಬಂಧಿಸಿಕೊಂಡ ಊರು ಈಮ್. ಕೊರೊನಾ ಕಾಲದಲ್ಲಿ ಈ ಕಥೆಯನ್ನು ತುಂಬ ಜನ ಓದಿರುತ್ತೀರಿ. ಆದರೆ ಎಲ್ಲರೂ ಕಥೆಯನ್ನು ಪ್ಲೇಗ್ ಮುಗಿದ 1666ರ ನವೆಂಬರ್‌ಗೆ ನಿಲ್ಲಿಸಿಬಿಡುತ್ತಾರೆ. ಆಗ ಮಾಂಪೆಸನ್‌ಗೆ ಬರೀ 27 ವರ್ಷ. ಅವರು ತೀರಿಕೊಂಡದ್ದು 1709ರ ಮಾರ್ಚ್‌ನಲ್ಲಿ. ನಡುವಿನ 42 ವರ್ಷ ಆ ಮನುಷ್ಯ ಹೇಗೆ ಬದುಕಿದರು? ಅಷ್ಟೆಲ್ಲ ಆದ ಮೇಲೆ ಇನ್ನೊಂದು ಊರಿಗೆ ಹೋಗಿ ಪಾದ್ರಿ ಕೆಲಸ ಮಾಡೋದು ಹೇಗೆ ಸಾಧ್ಯವಾಯಿತು? ನನ್ನನ್ನು ಕಾಡುತ್ತಿದ್ದದ್ದು ಅದು.

ಗುಡ್ಡದ ನೆತ್ತಿ ದಾಟಿ ಈಮ್ ಕಡೆ ಇಳಿಯುವಾಗ ರಸ್ತೆ ಪಕ್ಕದಲ್ಲೇ ಮಾಂಪೆಸನ್ ಬಾವಿ ಸಿಗುತ್ತದೆ. ಮಂಜು ಎಷ್ಟಿತ್ತು ಅಂದರೆ ಹತ್ತು ಹೆಜ್ಜೆ ಹತ್ತಿರ ಬರುವವರೆಗೂ ಅದರ ಬೇಲಿ ಕಾಣಲಿಲ್ಲ. ನಾಯಿ ಜೊತೆ ಬರುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ ನಿಂತರು. "ಬಾವಿ ಅಂತ ಹುಡುಕಿದರೆ ಸಿಗಲ್ಲ, ಇದು ಸುಮ್ನೆ ಒಂದು ಒರತೆ" ಅಂದರು. ಆಗ ಸುತ್ತಲಿನ ಊರಿನವರು ಆಹಾರ, ಔಷಧಿ ತಂದು ಇಲ್ಲಿಟ್ಟು ಹೋಗುತ್ತಿದ್ದರು. ಈಮ್‌ನವರು ಬಂದು ಎತ್ತಿಕೊಂಡು, ದುಡ್ಡನ್ನು ಹರಿಯುವ ನೀರಿನಲ್ಲಿ ಬಿಟ್ಟು ಹೋಗುತ್ತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಿರಿಯರು ಹೊರಡುವ ಮುಂಚೆ ಬಲಗಡೆಯ ಹುಲ್ಲಿನ ದಾರಿ ಬೇಡ, ಮಳೆಗೆ ಜಾರುತ್ತೆ, ಟಾರ್ ರಸ್ತೆಯಲ್ಲೇ ಇಳಿಯಿರಿ ಅಂತ ಹೇಳಿದರು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು.

ಈಮ್ ಸೇರುವಷ್ಟರಲ್ಲಿ ಶೂ ಒಳಗೆಲ್ಲ ನೀರು. ಇಳಿದುಕೊಂಡ ಮನೆಯ ಯಜಮಾನಿ ಏನೂ ಕೇಳದೆ ಹಳೇ ಪೇಪರ್ ಉಂಡೆ ಮಾಡಿ ಶೂ ಒಳಗೆ ತುರುಕಿ ಒಲೆ ಪಕ್ಕ ಇಟ್ಟರು. ಮಧ್ಯಾಹ್ನ ಮ್ಯೂಸಿಯಂ ನೋಡಿದೆವು. ಚಿಕ್ಕದು, ಆದರೆ ಹೊತ್ತು ತಗೊಳ್ಳುತ್ತದೆ. ಅಲ್ಲಿಂದ ಚರ್ಚ್ ಕಡೆ ನಡೆದರೆ ಪ್ಲೇಗ್ ಕಾಟೇಜ್ ಅನ್ನುವ ಕಲ್ಲಿನ ಮನೆಗಳ ಸಾಲು. ಇವತ್ತಿಗೂ ಜನ ವಾಸ ಇರುವ ಮನೆಗಳು ಅವು. ಕಿಟಕಿಯಲ್ಲಿ ಹೂಕುಂಡ, ಅಂಗಳದಲ್ಲಿ ಫಲಕ. 1665ರ ಆಗಸ್ಟ್ ಕೊನೆಗೆ ಇಲ್ಲಿನ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಅನ್ನುವ ದರ್ಜಿಗೆ ಲಂಡನ್‌ನಿಂದ ಬಟ್ಟೆಯ ಗಂಟು ಬಂತು. ಬಟ್ಟೆಯಲ್ಲಿ ಚಿಗಟ ಇತ್ತು ಅಂತ ಹೇಳುತ್ತಾರೆ. ಅದನ್ನು ಬಿಚ್ಚಿ ಒಣಹಾಕಿದ ಕೆಲಸಗಾರ ಜಾರ್ಜ್ ವಿಕರ್ಸ್ ಸೆಪ್ಟೆಂಬರ್ 7ಕ್ಕೆ ಸತ್ತ. ಅಲ್ಲಿಂದ ಮನೆಯಿಂದ ಮನೆಗೆ ಹಬ್ಬಿತು. ಫಲಕಗಳಲ್ಲಿ ಹೆಸರು, ತಾರೀಖು ಸಾಲಾಗಿ ಬರೆದಿದ್ದಾರೆ. ಒಂದೇ ಮನೆಯ ಹೆಸರುಗಳನ್ನು ಓದುತ್ತಾ ಹೋದರೆ ಕೊರಳು ಬಿಗಿಯುತ್ತದೆ.

ಆಗ ಮಾಂಪೆಸನ್ ಈ ಊರಿಗೆ ಬಂದು ಒಂದು ವರ್ಷ ಆಗಿತ್ತು ಅಷ್ಟೇ. ಕೇಂಬ್ರಿಜ್‌ನ ಪೀಟರ್‌ಹೌಸ್‌ನಲ್ಲಿ ಓದಿ, 1660ರಲ್ಲಿ ದೀಕ್ಷೆ ತಗೊಂಡಿದ್ದರು. ದೇಶ ಬಿಟ್ಟು ಹೋಗಿದ್ದ ರಾಜ ಎರಡನೇ ಚಾರ್ಲ್ಸ್ ವಾಪಸ್ ಬಂದು ಗದ್ದುಗೆ ಏರಿದ ವರ್ಷ ಅದು. ರಾಜನ ಜೊತೆ ಹಳೇ ಚರ್ಚ್ ಪದ್ಧತಿಯೂ ವಾಪಸ್ ಬಂತು. 1662ರ ಕಾನೂನಿನ ಪ್ರಕಾರ ಪ್ರತಿ ಪಾದ್ರಿಯೂ ಹೊಸ ಪ್ರಾರ್ಥನಾ ಪುಸ್ತಕವನ್ನು ಪೂರ್ತಿ ಒಪ್ಪಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು. ಸುಮಾರು 2000 ಪಾದ್ರಿಗಳು ಆಗ ಹೊರಗೆ ಬಿದ್ದರು. ಈಮ್‌ನ ಥಾಮಸ್ ಸ್ಟ್ಯಾನ್ಲಿಯೂ ಅವರಲ್ಲೊಬ್ಬರು. ಊರಿನವರಿಗೆ ಸ್ಟ್ಯಾನ್ಲಿ ಅಂದರೆ ಪ್ರೀತಿ. ಕೆಲಸ ಹೋದರೂ ಅವರು ಊರು ಬಿಡಲಿಲ್ಲ. ಅಂಥ ಕಡೆಗೆ 1664ರಲ್ಲಿ ಸರ್ ಜಾರ್ಜ್ ಸ್ಯಾವಿಲ್ ಅನ್ನುವ ಧಣಿಯ ಕಡೆಯ ಹುಡುಗ ಪಾದ್ರಿ ಹೆಂಡತಿ, ಎರಡು ಪುಟ್ಟ ಮಕ್ಕಳನ್ನು ಕರೆದುಕೊಂಡು ಬಂದಿಳಿದರೆ ಯಾರು ತಾನೇ ಹತ್ತಿರ ಸೇರಿಸುತ್ತಾರೆ? ಇದನ್ನು ತಿಳಿದುಕೊಳ್ಳದೆ ಮುಂದಿನ ಕಥೆಯ ತೂಕ ಗೊತ್ತಾಗುವುದಿಲ್ಲ.

ರಾತ್ರಿ ಊಟಕ್ಕೆ ಚೀಸ್ ಮತ್ತು ಈರುಳ್ಳಿಯ ಪೈ. ಸಸ್ಯಾಹಾರಿಗಳಿಗೆ ಈ ಕಡೆ ಅದೇ ಆಧಾರ, ರುಚಿಯಾಗಿಯೂ ಇರುತ್ತದೆ.

ಎರಡನೇ ದಿನ: ಪ್ಲೇಗ್ ಭಾನುವಾರ

ಆಗಸ್ಟ್ ಕೊನೆಯ ಭಾನುವಾರವನ್ನು ಈಮ್‌ನಲ್ಲಿ ಪ್ಲೇಗ್ ಭಾನುವಾರ ಅಂತ ಆಚರಿಸುತ್ತಾರೆ. ನೀವೂ ಹೋಗುವುದಾದರೆ ಇದೇ ಹೊತ್ತಿಗೆ ಹೋಗಿ. ರೂಮು ಮಾತ್ರ ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು. ಊರಲ್ಲಿ ಬಾವಿ, ನಲ್ಲಿಗಳನ್ನು ಹೂವಿನಿಂದ ಸಿಂಗರಿಸುವ ಹಬ್ಬವೂ ಅದೇ ಸಮಯಕ್ಕೆ. ಹಲಗೆಗೆ ಒದ್ದೆ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ಎಸಳು, ಎಲೆ, ಬೀಜ ಒತ್ತಿ ಚಿತ್ರ ಮಾಡುತ್ತಾರೆ. ನಮ್ಮ ಹೂವಿನ ರಂಗೋಲಿಯನ್ನು ಎತ್ತಿ ನಿಲ್ಲಿಸಿದ ಹಾಗೆ ಕಾಣುತ್ತದೆ.

ಬೆಳಿಗ್ಗೆ ಓಟ್‌ಕೇಕ್ ತಿಂದೆವು. ಹೆಸರು ಕೇಕ್ ಅಂತಿದ್ದರೂ ಮೆತ್ತನೆ ದೋಸೆಯ ಥರದ್ದು, ಈಮ್ ಇರುವ ಡರ್ಬಿಶೈರ್ ಜಿಲ್ಲೆಯ ಮಾಮೂಲಿ ತಿಂಡಿ. ಮಳೆ ನಿಂತಿತ್ತು. ಊರಿನ ಪೂರ್ವಕ್ಕೆ ಅರ್ಧ ಗಂಟೆ ನಡೆದರೆ ರೈಲಿ ಸಮಾಧಿಗಳು. ಇಳಿಜಾರು ಹೊಲದ ನಡುವೆ ದುಂಡಗಿನ ಕಲ್ಲು ಗೋಡೆ, ಒಳಗೆ ಕೆಲವು ಕಲ್ಲುಗಳು. 1666ರ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಅನ್ನುವ ಹೆಂಗಸು ಎಂಟು ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಗುಂಡಿ ತೋಡಿ ಇಲ್ಲಿ ಹೂಳಿದಳು. ಸತ್ತವರನ್ನು ಅವರವರ ಮನೆಯವರೇ ಅವರವರ ಜಮೀನಿನಲ್ಲಿ ಹೂಳಬೇಕು ಅನ್ನುವುದು ಊರಿನ ತೀರ್ಮಾನ. ಸಹಾಯಕ್ಕೆ ಒಬ್ಬರೂ ಹತ್ತಿರ ಬರುವ ಹಾಗಿರಲಿಲ್ಲ. ಗೋಡೆಯೊಳಗೆ ಏಳು ಹೆಜ್ಜೆ ಹಾಕಿದರೆ ಮುಗಿಯುವಷ್ಟು ಜಾಗ. ತಂಗಿ ಒಳಗೆ ಬರಲಿಲ್ಲ, ಹೊರಗೇ ನಿಂತಿದ್ದಳು. ಅವಳಿಗೂ ಮಕ್ಕಳಿದ್ದಾರೆ.

ಆ ತೀರ್ಮಾನ ಆದದ್ದು 1666ರ ಜೂನ್‌ನಲ್ಲಿ. ಚಳಿಗಾಲದಲ್ಲಿ ಸಾವು ಕಮ್ಮಿಯಾಗಿತ್ತು, ಬೇಸಿಗೆಗೆ ಮತ್ತೆ ಏರಿತು. ಜನ ಗಂಟು ಮೂಟೆ ಕಟ್ಟಲು ಶುರು ಮಾಡಿದರು. ಯಾರೂ ಊರಿನ ಗಡಿ ದಾಟಬಾರದು ಅಂತ ಮಾಂಪೆಸನ್ ಹೇಳಬೇಕಿತ್ತು. ಆದರೆ ಅವರ ಮಾತನ್ನು ಊರು ಕೇಳುತ್ತಿರಲಿಲ್ಲ. ಹಾಗಾಗಿ ಅವರು ಸ್ಟ್ಯಾನ್ಲಿ ಹತ್ತಿರ ಹೋದರು. ತಾನು ಕೂತಿರುವ ಕುರ್ಚಿಯ ಹಿಂದಿನ ಯಜಮಾನ, ಚರ್ಚ್‌ನಿಂದ ಹೊರಹಾಕಿಸಿಕೊಂಡವರು, ನಂಬಿಕೆಯಲ್ಲಿ ಎದುರಾಳಿ. ಇಬ್ಬರೂ ಒಟ್ಟಿಗೆ ನಿಂತು ಜನರನ್ನು ಒಪ್ಪಿಸಿದರು. ಹತ್ತಿರದ ಚಾಟ್ಸ್‌ವರ್ತ್ ಬಂಗಲೆಯಲ್ಲಿದ್ದ ದೊಡ್ಡ ಜಮೀನ್ದಾರ, ಡೆವನ್‌ಶೈರ್‌ನ ಅರ್ಲ್, ಊರಿಗೆ ಬೇಕಾದ ಆಹಾರ ಕಳಿಸಲು ಒಪ್ಪಿದ. ಮಾಂಪೆಸನ್ ಒಬ್ಬರನ್ನೇ ವೀರ ಅಂತ ಬರೆಯುವವರು ಸ್ಟ್ಯಾನ್ಲಿಗೆ ಅನ್ಯಾಯ ಮಾಡುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಅದೇ ಹೊತ್ತಿಗೆ, ಎದುರಾಳಿಯ ಬಾಗಿಲು ತಟ್ಟಿದ 27ರ ಹುಡುಗನ ಬಗ್ಗೆ ಗೌರವ ಇನ್ನೂ ಜಾಸ್ತಿಯಾಗುತ್ತದೆ.

ಮಧ್ಯಾಹ್ನ ಊರಿನವರೆಲ್ಲ ಮೆರವಣಿಗೆಯಲ್ಲಿ ಕಕ್ಲೆಟ್ ಡೆಲ್ಫ್‌ಗೆ ಹೊರಟರು. ನಾವೂ ಸೇರಿಕೊಂಡೆವು. ಬ್ಯಾಂಡು ಮುಂದೆ, ಪಾದ್ರಿಗಳು, ಮಕ್ಕಳು, ತಳ್ಳುಗಾಡಿಯಲ್ಲಿ ಕೂತ ಅಜ್ಜಿಯರು ಹಿಂದೆ. ಡೆಲ್ಫ್ ಅಂದರೆ ಸುಣ್ಣಕಲ್ಲಿನ ಬಂಡೆಗಳ ನಡುವಿನ ಹಸಿರು ಕಣಿವೆ. ಪ್ಲೇಗಿನ ಬೇಸಿಗೆಯಲ್ಲಿ ಮಾಂಪೆಸನ್ ಚರ್ಚ್‌ಗೆ ಬೀಗ ಹಾಕಿ ಇಲ್ಲಿ ಬಯಲಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಒಂದೊಂದು ಮನೆಯವರು ದೂರ ದೂರ ನಿಲ್ಲುತ್ತಿದ್ದರು. ವಾರದಿಂದ ವಾರಕ್ಕೆ ಗುಂಪುಗಳ ನಡುವಿನ ಜಾಗ ದೊಡ್ಡದಾಗುತ್ತಾ ಹೋಗಿರಬೇಕು. ನಾವು ಮಾತ್ರ ಹುಲ್ಲಿನ ಮೇಲೆ ಒತ್ತೊತ್ತಾಗಿ ಕೂತೆವು. ನೆಲ ಒದ್ದೆ ಇತ್ತು. ಪಕ್ಕದ ಹೆಂಗಸು ತನ್ನ ರಗ್ಗಿನ ಅರ್ಧವನ್ನು ನಮ್ಮ ಕಡೆ ತಳ್ಳಿದರು. ನಿಮ್ಮಲ್ಲೂ ಪ್ಲೇಗ್ ಬಂದಿತ್ತಾ ಅಂತ ಕೇಳಿದರು.

ಬಂದಿತ್ತು. 1898ರಲ್ಲಿ ಬೆಂಗಳೂರಿಗೆ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದಕ್ಕೆ ಆ ಪ್ಲೇಗೂ ಒಂದು ಕಾರಣ. ಹಳ್ಳಿಗಳಲ್ಲಿ ಇಲಿ ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರಾಚೆ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ನಮ್ಮ ಅಜ್ಜಿ ಆ ಕಥೆಗಳನ್ನು ಹೇಳುತ್ತಿದ್ದರು. ಪ್ಲೇಗಮ್ಮನ ಗುಡಿಗಳ ಬಗ್ಗೆಯೂ ಆ ಹೆಂಗಸಿಗೆ ಹೇಳಿದೆ. ಅವರು ತುಂಬ ಗಮನ ಕೊಟ್ಟು ಕೇಳಿದರು.

ಸಂಜೆ ಸೇಂಟ್ ಲಾರೆನ್ಸ್ ಚರ್ಚ್ ಅಂಗಳ. ಎಂಟನೇ ಶತಮಾನದ್ದು ಅನ್ನುವ ಸ್ಯಾಕ್ಸನ್ ಶಿಲುಬೆ, ಅದರ ಹತ್ತಿರ ಕ್ಯಾಥರಿನ್ ಮಾಂಪೆಸನ್ ಸಮಾಧಿ. ಹೂವಿನ ಹಾರ ಇಟ್ಟಿದ್ದರು. ಕಲ್ಲಿನ ಒಂದು ಬದಿಯಲ್ಲಿ ರೆಕ್ಕೆ ಇರುವ ಮರಳು ಗಡಿಯಾರ, ಇನ್ನೊಂದು ಬದಿಯಲ್ಲಿ ತಲೆಬುರುಡೆ ಕೆತ್ತಿದ್ದಾರೆ. ಮಕ್ಕಳು ಜಾರ್ಜ್, ಎಲಿಜಬೆತ್ ಇಬ್ಬರನ್ನೂ ಮಾಂಪೆಸನ್ ಮುಂಚೆಯೇ ಹೊರಗೆ ಕಳಿಸಿದ್ದರು. ಹೆಂಡತಿಯನ್ನೂ ಹೋಗು ಅಂದರು, ಆಕೆ ಒಪ್ಪಲಿಲ್ಲ. ಬೇರೆಯವರಿಗೆ ಗಡಿ ದಾಟಬೇಡಿ ಅಂದವರ ಮಕ್ಕಳು ಹೊರಗೆ ಇದ್ದರು ಅನ್ನುವುದು ನಿಜ. ಇದನ್ನು ಮುಚ್ಚಿಟ್ಟು ಕಥೆ ಹೇಳಬಾರದು. ಆದರೆ ಮಕ್ಕಳನ್ನು ಕಳಿಸಿದ ಮೇಲೂ ಗಂಡ ಹೆಂಡತಿ ಉಳಿದರು ಅನ್ನುವುದೂ ಅಷ್ಟೇ ನಿಜ. ಕ್ಯಾಥರಿನ್ ತೀರಿಕೊಂಡದ್ದು 1666ರ ಆಗಸ್ಟ್ 25ರ ಹೊತ್ತಿಗೆ.

ಅದಾದ ಮೇಲೆ ಮಾಂಪೆಸನ್ ಬರೆದ ಪತ್ರಗಳು ಉಳಿದಿವೆ. ಆಗಸ್ಟ್ 31ರಂದು ಮಕ್ಕಳಿಗೆ ಬರೆದದ್ದು ಒಂದು. ಕೊನೆಗೆ ಅಮ್ಮನಿಗೆ ಔಷಧಿ ನುಂಗಲೂ ಆಗುತ್ತಿರಲಿಲ್ಲ. ಮಕ್ಕಳಿಗೋಸ್ಕರ ತಗೋ ಅಂದಾಗ, ನಿಮ್ಮ ಹೆಸರು ಕೇಳಿದ ತಕ್ಷಣ ಕಷ್ಟಪಟ್ಟು ಎದ್ದು ಕೂತು ಕುಡಿದಳು ಅಂತ ಬರೆಯುತ್ತಾರೆ. ಮರುದಿನ ಧಣಿ ಸ್ಯಾವಿಲ್‌ಗೆ ಇನ್ನೊಂದು ಪತ್ರ. ತಾನೂ ಸಾಯುತ್ತೇನೆ ಅಂತಲೇ ನಂಬಿ ಬರೆದದ್ದು. ಮಕ್ಕಳನ್ನು ನೋಡಿಕೊಳ್ಳಿ, ನನ್ನ ಜಾಗಕ್ಕೆ ವಿನಯವಂತ, ದೈವಭಕ್ತ ಪಾದ್ರಿಯೊಬ್ಬರನ್ನು ಆರಿಸಿ ಅಂತ ಅದರಲ್ಲಿ ಕೇಳಿಕೊಂಡಿದ್ದಾರೆ. ಅವರು ಸಾಯಲಿಲ್ಲ. ನವೆಂಬರ್ 20ರ ಪತ್ರದಲ್ಲಿ, ತನಗೆ ರೋಗದ ಒಂದು ಲಕ್ಷಣವೂ ಕಾಣಿಸಲಿಲ್ಲ ಅಂತ ಅವರೇ ಬರೆದಿದ್ದಾರೆ. 76 ಮನೆಗಳಿಗೆ ರೋಗ ಬಂದಿತ್ತು, 259 ಜನ ಹೋದರು ಅನ್ನುವ ಲೆಕ್ಕವೂ ಅದರಲ್ಲೇ ಇದೆ. ಸೋಂಕು ಕಳೆಯಲು ಊರಿನ ಸಾಮಾನು ಸುಡಿಸಿದರಂತೆ. ಜನರಿಗೆ ಮಾದರಿ ಆಗಲಿ ಅಂತ ತನ್ನದನ್ನು ಬೇಕಾದ್ದಕ್ಕಿಂತ ಹೆಚ್ಚೇ ಸುಟ್ಟು, ಮೈ ಮುಚ್ಚುವಷ್ಟು ಬಟ್ಟೆಯೂ ಸರಿಯಾಗಿ ಉಳಿದಿಲ್ಲ ಅಂತ ಬರೆಯುತ್ತಾರೆ.

ಮೂರನೇ ದಿನ: ಗಡಿ ಕಲ್ಲು, ಬೇಕ್‌ವೆಲ್ ಪುಡ್ಡಿಂಗ್

ಸೋಮವಾರ ಸರ್ಕಾರಿ ರಜೆ. ನಾವು ಕಾದ ಬಸ್ಸು ಬರಲೇ ಇಲ್ಲ. ನಿಲ್ದಾಣದಲ್ಲಿದ್ದ ಹುಡುಗ, ರಜೆಯ ದಿನ ಹೀಗೇ ಆಗುತ್ತೆ, ಸ್ಟೋನಿ ಮಿಡಲ್‌ಟನ್‌ಗೆ ನಡೆದೇ ಹೋಗಿ, ಅರ್ಧ ಗಂಟೆ ದಾರಿ ಅಂದ. ಹೇಗೂ ನಮಗೆ ಆ ದಾರಿಯ ಗಡಿ ಕಲ್ಲು ನೋಡಬೇಕಿತ್ತು.

ಹೊಲದ ನಡುವಿನ ಕಾಲುದಾರಿ. ದನಗಳು ದಾರಿಗೆ ಅಡ್ಡ ನಿಂತಿದ್ದವು. ಕರು ಜೊತೆಗಿದ್ದ ಹಸುಗಳಾದ್ದರಿಂದ ದೂರದಿಂದ ಸುತ್ತಿಕೊಂಡು ಹೋದೆವು. ನಾಯಿ ಕರೆದುಕೊಂಡು ಹೋಗುವವರಂತೂ ಇಲ್ಲಿ ಹುಷಾರಾಗಿರಬೇಕು. ಕಲ್ಲು ಒರಟು ಬಂಡೆ, ಮೇಲೆ ಆರು ಕುಳಿ. ಪ್ಲೇಗಿನ ಕಾಲದಲ್ಲಿ ಸೋಂಕು ಹೋಗಲಿ ಅಂತ ಕುಳಿಗೆ ವಿನಿಗರ್ ತುಂಬಿ, ಸಾಮಾನಿಗೆ ಕೊಡುವ ನಾಣ್ಯವನ್ನು ಅದರಲ್ಲಿ ಇಡುತ್ತಿದ್ದರು. ಈಗಲೂ ಬಂದವರು ಚಿಲ್ಲರೆ ಹಾಕಿ ಹೋಗುತ್ತಾರೆ. ಒಂದು ಕುಳಿಗೆ ಬೆರಳು ಹಾಕಿ ನೋಡಿದೆ. ಒಳಗೆ ನುಣುಪಾಗಿದೆ, ಅಂಚು ಸವೆದು ದುಂಡಗಾಗಿದೆ. ಮಳೆನೀರು, ಪಾಚಿ, ಎರಡು ತಾಮ್ರದ ಪೆನ್ನಿ.

ಇಲ್ಲಿ ಕೂತು ತಂಗಿಗೂ ನನಗೂ ವಾದ ಹತ್ತಿತು. ಊರು ಖಾಲಿ ಮಾಡಿದ್ದರೆ ಅಷ್ಟು ಜನ ಸಾಯುತ್ತಿರಲಿಲ್ಲ, ಅಲ್ವಾ ಅಂತ ಅವಳು. 2016ರಲ್ಲಿ ಈಮ್‌ನ ಸಾವಿನ ದಾಖಲೆ ಇಟ್ಟುಕೊಂಡು ಸಂಶೋಧಕರು ಲೆಕ್ಕ ಹಾಕಿದರು. ಸೋಂಕಿನ ಸುಮಾರು ನಾಲ್ಕರಲ್ಲಿ ಮೂರು ಪಾಲು ಮನುಷ್ಯರಿಂದ ಮನುಷ್ಯರಿಗೇ ಹರಡಿದ್ದು ಅನ್ನುವುದು ಅವರ ಅಂದಾಜು. ಅಂದರೆ ಜನ ಚದುರಿದ್ದರೆ ಶೆಫೀಲ್ಡ್, ಬೇಕ್‌ವೆಲ್ ಕಡೆಗೂ ರೋಗ ಹೋಗುವ ಅಪಾಯ ನಿಜವಾಗಿಯೂ ಇತ್ತು. ಊರಿನ ಜನಸಂಖ್ಯೆ 350 ಅಂತ ಹಿಂದೆ ಹೇಳುತ್ತಿದ್ದರು. ಅದು ಕನಿಷ್ಠ 700 ಇತ್ತು ಅನ್ನುವುದು ಈಚಿನ ಲೆಕ್ಕ. ಹಾಗಿದ್ದರೂ ಮೂರರಲ್ಲಿ ಒಬ್ಬರು ಹೋದರು. ನಮ್ಮ ಹಳ್ಳಿಯವರು ಹೊಲಕ್ಕೆ ಹೋದದ್ದು ಸರಿ, ಅಲ್ಲಿ ಇಲಿ, ಚಿಗಟದ ಮನೆಯಿಂದ ದೂರ ಹೋಗುವುದು ಮುಖ್ಯ. ಈಮ್‌ನವರು ನಿಂತದ್ದೂ ಸರಿ ಅನ್ನುವುದು ನನ್ನ ಮಾತು. ತಂಗಿ ಒಪ್ಪಲಿಲ್ಲ. ಹ್ಯಾನ್‌ಕಾಕ್‌ಳನ್ನು ಕೇಳಬೇಕಿತ್ತು ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಟೋನಿ ಮಿಡಲ್‌ಟನ್‌ನಲ್ಲಿ ಎಂಟು ಮೂಲೆಯ ಚರ್ಚ್ ಇದೆ, ಇಣುಕಿ ನೋಡಿ. ಅಲ್ಲಿಂದ ಟ್ಯಾಕ್ಸಿ ಸಿಕ್ಕಿ ಬೇಕ್‌ವೆಲ್ ಸೇರಿದೆವು. ಬೇಕ್‌ವೆಲ್ ಪುಡ್ಡಿಂಗ್ ತಿನ್ನುವಾಗ ಬಿಸಿ ಮಾಡಿ ಕೊಡಿ ಅಂತ ಕೇಳಿ. ಪದರ ಪದರ ಹಿಟ್ಟಿನ ಮೇಲೆ ಜಾಮ್, ಅದರ ಮೇಲೆ ಮೊಟ್ಟೆ, ಬಾದಾಮಿಯ ಪಾಕ. ತಣ್ಣಗಿದ್ದರೆ ಬರೀ ಸಿಹಿ, ಬಿಸಿಯಲ್ಲೇ ಅದರ ರುಚಿ.

ನಾಲ್ಕನೇ ದಿನ: ಈಕ್ರಿಂಗ್, ಸೌತ್‌ವೆಲ್

ಈಕ್ರಿಂಗ್ ಇರುವುದು ಪಕ್ಕದ ನಾಟಿಂಗ್‌ಹ್ಯಾಮ್‌ಶೈರ್ ಜಿಲ್ಲೆಯಲ್ಲಿ, ಅಲ್ಲಿಗೆ ಕಾರು ಬೇಕು. ತಂಗಿಯ ಗೆಳತಿ ಕರೆದುಕೊಂಡು ಹೋದರು. ಡರ್ಬಿಶೈರ್‌ನ ಕಲ್ಲು ಗೋಡೆಗಳು ಮುಗಿದು ಬೇಲಿ ಗಿಡಗಳು, ಕೊಯ್ದು ಮುಗಿದ ಗೋಧಿ ಹೊಲಗಳು ಶುರುವಾದವು. ಒಂದು ಕಿರಿದಾದ ರಸ್ತೆಯಲ್ಲಿ ಹುಲ್ಲಿನ ಟ್ರ್ಯಾಕ್ಟರ್ ಹಿಂದೆ ಬಹಳ ಹೊತ್ತು ತೆವಳಿದೆವು.

ಮಾಂಪೆಸನ್ 1669ರಲ್ಲಿ ಈಮ್ ಬಿಟ್ಟು ಈಕ್ರಿಂಗ್‌ನ ರೆಕ್ಟರ್, ಅಂದರೆ ಊರಿನ ಮುಖ್ಯ ಪಾದ್ರಿ, ಆದರು. ಅದನ್ನು ಕೊಡಿಸಿದ್ದೂ ಸ್ಯಾವಿಲ್ಲೇ. ಆ ಕಾಲದಲ್ಲಿ ಒಂದು ಊರಿನ ಪಾದ್ರಿ ಯಾರು ಅಂತ ಆರಿಸುವ ಹಕ್ಕು ಹೆಚ್ಚಾಗಿ ಹೀಗೆ ಜಮೀನ್ದಾರರ ಕೈಯಲ್ಲಿತ್ತು. ಪ್ಲೇಗ್ ಮುಗಿದು ಮೂರು ವರ್ಷ ಆಗಿದ್ದರೂ ಈಕ್ರಿಂಗ್‌ನವರು ಈಮ್‌ನ ಹೆಸರು ಕೇಳಿಯೇ ಹೆದರಿದರು. ಹೊಸ ಪಾದ್ರಿಯನ್ನು ಊರೊಳಗೆ ಬಿಡಲಿಲ್ಲ. ಊರಿನವರ ಹೆದರಿಕೆ ಇಳಿಯುವವರೆಗೂ ಅವರು ಹತ್ತಿರದ ರಫರ್ಡ್ ಪಾರ್ಕಿನಲ್ಲಿ, ಸ್ಯಾವಿಲ್‌ನ ಜಾಗದಲ್ಲಿ, ಒಂದು ಗುಡಿಸಲಲ್ಲಿ ಇದ್ದರು. ಊರಾಚೆ ಒಂದು ಆಷ್ ಮರದ ಕೆಳಗೆ ನಿಂತು ಉಪದೇಶ ಮಾಡುತ್ತಿದ್ದರು. ಅಕ್ಕಪಕ್ಕದ ಊರುಗಳನ್ನು ಉಳಿಸಲು ಹೆಂಡತಿಯನ್ನು ಕಳೆದುಕೊಂಡ ಮನುಷ್ಯನನ್ನು ಇನ್ನೊಂದು ಊರು ಅದೇ ರೋಗದ ಹೆಸರಲ್ಲಿ ದೂರ ಇಟ್ಟಿತು. ನನಗೆ ತುಂಬ ಸಂಕಟ ಆಗುವ ಭಾಗ ಇದೇ. ಕೊರೊನಾ ವಾರ್ಡಿನಿಂದ ಮನೆಗೆ ಬಂದ ನರ್ಸ್‌ಗಳನ್ನು ಬಾಡಿಗೆ ಮನೆಯಿಂದ ಎಬ್ಬಿಸಿದ ಸುದ್ದಿಗಳನ್ನು ನಾವೂ ಓದಿದ್ದೇವಲ್ಲ.

ಆ ಮರ ಈಗಿಲ್ಲ. ಅದಿದ್ದ ಜಾಗದಲ್ಲಿ 1893ರಲ್ಲಿ ಕಲ್ಲಿನ ಶಿಲುಬೆ ನಿಲ್ಲಿಸಿದ್ದಾರೆ. ಮಾಂಪೆಸನ್ ಶಿಲುಬೆ ಅಂತಲೇ ಕರೆಯುತ್ತಾರೆ. ನಾವಿದ್ದಷ್ಟು ಹೊತ್ತೂ ಬೇರೆ ಯಾರೂ ಬರಲಿಲ್ಲ. ಈಮ್‌ನ ಜನಜಂಗುಳಿ ನೋಡಿ ಬಂದವರಿಗೆ ಇದು ಎದ್ದು ಕಾಣುತ್ತದೆ.

ಸೇಂಟ್ ಆಂಡ್ರ್ಯೂ ಚರ್ಚ್‌ಗೆ ಬೀಗ ಹಾಕಿತ್ತು. ಎದುರು ಮನೆಯಲ್ಲಿ ಗುಲಾಬಿ ಕತ್ತರಿಸುತ್ತಿದ್ದವರು ಯಾರಿಗೋ ಫೋನ್ ಮಾಡಿ, ಹತ್ತು ನಿಮಿಷದಲ್ಲಿ ಬೀಗದ ಕೈ ತರಿಸಿದರು. ಸಣ್ಣ ಊರಿನ ಚರ್ಚ್‌ಗಳಿಗೆ ಹೋಗುವಾಗ ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಾಯುವಾಗ ಅವರು ಊರಿನ ಇನ್ನೊಂದು ಕಥೆ ಹೇಳಿದರು. ಎರಡನೇ ಮಹಾಯುದ್ಧದಲ್ಲಿ ಪಕ್ಕದ ಡ್ಯೂಕ್ಸ್ ವುಡ್ ಕಾಡಿನಲ್ಲಿ ಗುಟ್ಟಾಗಿ ಎಣ್ಣೆ ತೆಗೆಯುತ್ತಿದ್ದರಂತೆ, ಅಮೆರಿಕದಿಂದ ಕೆಲಸಗಾರರು ಬಂದಿದ್ದರಂತೆ. ಅವರಿಗೆ ಹೆಮ್ಮೆ ಅದರ ಬಗ್ಗೆಯೇ ಜಾಸ್ತಿ. ಪಾದ್ರಿಯ ವಿಷಯ ಕೇಳಿದ್ದಕ್ಕೆ, "ಅವರು ನಮ್ಮಲ್ಲೇ ಇದ್ದದ್ದು ಜಾಸ್ತಿ ವರ್ಷ, ಈಮ್‌ನಲ್ಲಿ ಬರೀ ಐದು" ಅಂದರು.

ಒಳಗೆ ಹಿತ್ತಾಳೆಯ ಸ್ಮಾರಕ ಫಲಕ ಇದೆ. ಅವರನ್ನು ಹೂಳಿದ್ದು ಇಲ್ಲೇ. ಸುಮಾರು 40 ವರ್ಷ ಈ ಊರಿನ ಮಕ್ಕಳಿಗೆ ಹೆಸರಿಟ್ಟರು, ಮದುವೆ ಮಾಡಿಸಿದರು, ಮುದುಕರನ್ನು ಮಣ್ಣು ಮಾಡಿದರು. 1670ರಲ್ಲಿ ಎಲಿಜಬೆತ್ ನ್ಯೂಬಿ ಅನ್ನುವ ವಿಧವೆಯನ್ನು ಮದುವೆಯಾದರು. ಅದೇ ವರ್ಷ ಅತ್ತ ಈಮ್‌ನಲ್ಲಿ ಸ್ಟ್ಯಾನ್ಲಿ ತೀರಿಕೊಂಡರು. ಪ್ಲೇಗ್ ಮುಗಿದ ಮೇಲೆ ಸ್ಟ್ಯಾನ್ಲಿಯನ್ನು ಊರಿನಿಂದ ಓಡಿಸಬೇಕು ಅಂತ ಕೆಲವರು ಹಟ ಹಿಡಿದಾಗ ಡೆವನ್‌ಶೈರ್‌ನ ಅರ್ಲ್ ಅವರ ಪರ ನಿಂತ ಅನ್ನುವುದನ್ನು ಈಮ್‌ನವರು ಈಗಲೂ ನೆನೆಯುತ್ತಾರೆ.

ಮಧ್ಯಾಹ್ನ ಸೌತ್‌ವೆಲ್. ಇಲ್ಲಿನ ಮಿನ್‌ಸ್ಟರ್‌ನಲ್ಲಿ ಮಾಂಪೆಸನ್‌ಗೆ ಪ್ರೆಬೆಂಡರಿ ಸ್ಥಾನ ಸಿಕ್ಕಿತ್ತು. ಅಂದರೆ ದೊಡ್ಡ ಚರ್ಚ್‌ನ ಆಡಳಿತದಲ್ಲಿ ಒಂದು ಕುರ್ಚಿ, ಅದಕ್ಕೆ ಒಂದಿಷ್ಟು ವರಮಾನ. ಹಳ್ಳಿ ಪಾದ್ರಿಗೆ ಅದು ದೊಡ್ಡ ಬಡ್ತಿ. ಮಿನ್‌ಸ್ಟರ್‌ನ ಸಭಾಗೃಹ ನೋಡದೆ ಬರಬೇಡಿ. 13ನೇ ಶತಮಾನದ ಕೊನೆಯಲ್ಲಿ ಕೆತ್ತಿದ ಕಲ್ಲಿನ ಎಲೆಗಳು ಅಲ್ಲಿವೆ. ಓಕ್, ದ್ರಾಕ್ಷಿ, ಹಾಪ್, ಹಾಥಾರ್ನ್ ಒಂದೊಂದನ್ನೂ ಗುರುತು ಹಿಡಿಯಬಹುದು. ಒಂದು ಎಲೆಯ ಹಿಂದೆ ನರ ಉಬ್ಬಿರುವುದನ್ನೂ ಕೆತ್ತಿದ್ದಾರೆ. ಬಾಗಿ ಕೆಳಗಿಂದ ನೋಡಿದರೆ ಮಾತ್ರ ಕಾಣುತ್ತದೆ.

ಅಲ್ಲಿನ ಸ್ವಯಂಸೇವಕರೊಬ್ಬರ ಹತ್ತಿರ ಲಿಂಕನ್ ವಿಷಯ ಎತ್ತಿದೆ. ಲಿಂಕನ್ ಕ್ಯಾಥೆಡ್ರಲ್‌ನ ಡೀನ್ ಸ್ಥಾನ ಕೊಡುತ್ತೇವೆ ಅಂದರೂ ಮಾಂಪೆಸನ್ ಬೇಡ ಅಂದಿದ್ದರು. ಡೀನ್ ಅಂದರೆ ಕ್ಯಾಥೆಡ್ರಲ್‌ನ ಪಾದ್ರಿಗಳ ಮುಖ್ಯಸ್ಥ, ಇಂಗ್ಲೆಂಡಿನ ಚರ್ಚ್‌ನ ದೊಡ್ಡ ಹುದ್ದೆಗಳಲ್ಲಿ ಒಂದು ಅದು. ಯಾಕೆ ಬೇಡ ಅಂದಿರಬಹುದು ಅಂತ ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಊರೊಳಗೆ ಸೇರಿಸಿಕೊಳ್ಳಲಿ ಅಂತ ಅಷ್ಟು ಕಾದವರು ಆ ಊರನ್ನು ಬಿಟ್ಟು ಯಾಕೆ ಹೋಗುತ್ತಾರೆ ಅಂದರು. ನನಗೂ ಅದೇ ಸರಿ ಅನ್ನಿಸಿತು.

ಬ್ರಾಮ್ಲಿ ಸೇಬು ಹುಟ್ಟಿದ್ದು ಸೌತ್‌ವೆಲ್‌ನಲ್ಲೇ. 1809ರಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಅನ್ನುವ ಹುಡುಗಿ ನೆಟ್ಟ ಬೀಜದಿಂದ ಬಂದ ತಳಿ. ಹಸಿ ತಿಂದರೆ ಹುಳಿ ಹುಳಿ, ಬೇಯಿಸಿದರೆ ಕರಗಿ ಹೋಗುತ್ತದೆ. ಮಿನ್‌ಸ್ಟರ್ ಹತ್ತಿರದ ಅಂಗಡಿಯಲ್ಲಿ ಅದರ ಪೈ, ಬಿಸಿ ಕಸ್ಟರ್ಡ್ ಜೊತೆ ತಿಂದು ಹೊರಟೆವು. ಈಮ್‌ಗೆ ಹೋಗುವ ಪ್ಲಾನ್ ಹಾಕುವವರು ಈಕ್ರಿಂಗ್‌ಗೂ ಅರ್ಧ ದಿನ ಇಟ್ಟುಕೊಳ್ಳಿ. ಕಾರಿನಲ್ಲಾದರೆ ಎರಡನ್ನೂ ಸೌತ್‌ವೆಲ್ ಜೊತೆ ಸೇರಿಸಿ ಆರಾಮಾಗಿ ಮುಗಿಸಬಹುದು.